ನಾಲ್ಕನೇ ಸ್ಥಾನದ ಕತೆ ಹೇಳೋಕೆ ನಮಗೆ ಬರಲ್ಲ

2024ರ ಆಗಸ್ಟ್ 5, ಸೋಮವಾರ ಸಂಜೆ. ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಮಷಿನ್ನಿಗೆ ಫೋನ್ ಒರಗಿಸಿಟ್ಟು ಏಳೆಂಟು ಜನ ನಿಂತಿದ್ವಿ. ಪ್ಯಾರಿಸ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪದಕಕ್ಕೆ ಆಡ್ತಿದ್ದ. ಹುಟ್ಟೂರು ಅಲ್ಮೋರಾ ಆದರೂ ಆಟ ಕಲಿತಿದ್ದು ಬೆಂಗಳೂರಲ್ಲಿ, ಹಾಗಾಗಿ ನಮಗೆಲ್ಲ ಅವನು ನಮ್ಮೂರ ಹುಡುಗನೇ. ಮೊದಲ ಗೇಮ್ 21-13ರಲ್ಲಿ ಗೆದ್ದಾಗ ಯಾರೋ ಆಗಲೇ ಗ್ರೂಪಿಗೆ ತ್ರಿವರ್ಣದ ಸ್ಟಿಕ್ಕರ್ ಹಾಕಿಬಿಟ್ಟರು. ಎರಡನೇ ಗೇಮ್‌ನಲ್ಲೂ ಮೊದಮೊದಲು ಅವನೇ ಮುಂದಿದ್ದ. ಆಮೇಲೆ ಏನಾಯ್ತೋ, ಮಲೇಷ್ಯಾದ ಲೀ ಝೀ ಜಿಯಾ ಸಾಲು ಸಾಲಾಗಿ ಪಾಯಿಂಟ್ ಎತ್ತಿದ. ಮೊಣಕೈ ಗಾಯಕ್ಕೆ ಪಟ್ಟಿ ಹಾಕಿಸಿಕೊಂಡು ಬಂದ ಲಕ್ಷ್ಯ 16-21, 11-21ರಲ್ಲಿ ಸೋತ.

ಫೋನ್ ಎತ್ತಿಕೊಳ್ಳುವಾಗ ಇಬ್ಬರು ಎರಡು ಮಾತು ಹೇಳಿದರು. ಒಬ್ಬ, 'ಹಣೆಬರಹ ಗುರು, ನಮಗೆ ಬರೆದಿರೋದೇ ಇಷ್ಟು.' ಇನ್ನೊಬ್ಬ, 'ನಮ್ಮೋರಿಗೆ ಗುಂಡಿಗೆ ಇಲ್ಲ. ಕೊನೇಲಿ ಕೈ ನಡುಗುತ್ತೆ.' ಎಲ್ಲರೂ ತಲೆಯಾಡಿಸಿ ಸ್ಟ್ಯಾಂಡಪ್ ಮೀಟಿಂಗಿಗೆ ಹೋದ್ವಿ.

ಪ್ಯಾರಿಸ್‌ನಲ್ಲಿ ನಮಗೆ ಸಿಕ್ಕಿದ್ದು ಆರು ಪದಕ. ಆರು ನಾಲ್ಕನೇ ಸ್ಥಾನಗಳೂ ಸಿಕ್ಕವು: ಅರ್ಜುನ್ ಬಬುತಾ, ಮನು ಭಾಕರ್‌ಳ ಮೂರನೇ ಸ್ಪರ್ಧೆ, ಬಿಲ್ಲುಗಾರಿಕೆಯ ಮಿಶ್ರ ಜೋಡಿ, ಸ್ಕೀಟ್ ಜೋಡಿ, ಲಕ್ಷ್ಯ, ಮೀರಾಬಾಯಿ ಚಾನು. ಸ್ಕೀಟ್ ಜೋಡಿ ಸೋತಿದ್ದು 43-44ರಲ್ಲಿ, ಅಂದರೆ ಒಂದೇ ಒಂದು ಗುರಿ ತಪ್ಪಿ. ಮೀರಾಬಾಯಿ ಎತ್ತಿದ್ದು 199 ಕೆ.ಜಿ., ಕಂಚು ಗೆದ್ದ ಥಾಯ್ ಹುಡುಗಿ ಎತ್ತಿದ್ದು 200. ಪದಕ ಬಂದ ಆರು ನಮಗೆ ಬಾಯಿಪಾಠ. ಬರದ ಆರನ್ನು ಕೇಳಿದರೆ ಪ್ಯಾಂಟ್ರಿಯ ಆ ಎರಡು ಮಾತಿಗಿಂತ ಹೆಚ್ಚಿಗೆ ಹೇಳೋಕೆ ನಮ್ಮಲ್ಲಿ ಏನೂ ಇರಲ್ಲ. ಒಂದೋ ಹಣೆಬರಹ, ಇಲ್ಲಾ ಗುಂಡಿಗೆ.

ಈ ಎರಡು ಮಾತು ನಮಗೆ ಎಲ್ಲಿಂದ ಬಂದವು ಅಂತ ಯೋಚಿಸ್ತಾ ಆ ವಾರಾಂತ್ಯ 'ಭಾಗ್ ಮಿಲ್ಖಾ ಭಾಗ್' ಮತ್ತೆ ನೋಡಿದೆ. 2013ರಲ್ಲಿ ಥಿಯೇಟರಿನಲ್ಲಿ ನೋಡಿ ಅತ್ತವರಲ್ಲಿ ನಾನೂ ಒಬ್ಬ. ನಾಲ್ಕನೇ ಸ್ಥಾನ ಪಡೆದವನೊಬ್ಬನ ಬಗ್ಗೆ ನಮ್ಮ ದೇಶ ಮಾಡಿದ ದೊಡ್ಡ ಸಿನಿಮಾ ಅದು. ನಾಲ್ಕನೇ ಸ್ಥಾನವನ್ನು ನಾವು ಹೇಗೆ ಅರ್ಥ ಮಾಡ್ಕೊಂಡಿದ್ದೀವಿ ಅಂತ ನೋಡೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಸಿನಿಮಾ ಶುರುವಾಗೋದೇ ರೋಮ್‌ನಲ್ಲಿ, 1960ರ 400 ಮೀಟರ್ ಓಟದಿಂದ. ಮಿಲ್ಖಾ ಮುಂದಿದ್ದಾನೆ. ಕೋಚ್ 'ಭಾಗ್ ಮಿಲ್ಖಾ' ಅಂತ ಕೂಗ್ತಾರೆ. ಅದೇ ಮಾತನ್ನು ವಿಭಜನೆಯ ಹೊತ್ತಲ್ಲಿ, ಕೊಲೆಗಡುಕರ ನಡುವೆ, ಅಪ್ಪನ ಬಾಯಲ್ಲಿ ಕೇಳಿದವನು ಅವನು. ಹಿಂತಿರುಗಿ ನೋಡ್ತಾನೆ, ನಾಲ್ಕನೆಯವನಾಗ್ತಾನೆ. ಯಾಕೆ ಹಿಂತಿರುಗಿದ ಅನ್ನೋ ಪ್ರಶ್ನೆಗೆ ಉತ್ತರವೇ ಉಳಿದ ಮೂರು ಗಂಟೆ. ಕೊನೆಗೆ ಲಾಹೋರಿನಲ್ಲಿ ಅಬ್ದುಲ್ ಖಾಲಿಕ್‌ನನ್ನು ಸೋಲಿಸ್ತಾನೆ, ಬಾಲ್ಯದ ದೆವ್ವ ಬಿಟ್ಟುಹೋಗುತ್ತೆ, ರೋಮ್‌ನ ಲೆಕ್ಕ ಚುಕ್ತಾ ಆಗುತ್ತೆ.

ಕತೆಯಾಗಿ ಚೆನ್ನಾಗಿದೆ. ಆದರೆ ಮಿಲ್ಖಾ ಸಿಂಗ್ ತಾವೇ ಹೇಳಿಕೊಂಡಿದ್ದ ಕಾರಣ ಬೇರೆ. ಮೊದಲ 250 ಮೀಟರ್ ವಿಪರೀತ ವೇಗದಲ್ಲಿ ಓಡಿಬಿಟ್ಟೆ, ಇದೇ ವೇಗದಲ್ಲಿ ಕೊನೆಯವರೆಗೆ ತಡೆಯೋಕಾಗಲ್ಲ ಅನ್ನಿಸಿ ಕೊಂಚ ನಿಧಾನಿಸಿದೆ, ಆ ಕೊಂಚವೇ ಮುಳುವಾಯಿತು ಅಂತ ಅವರು ವರ್ಷಗಟ್ಟಲೆ ಹೇಳ್ತಾ ಬಂದರು. ಅಮೆರಿಕದ ಓಟಿಸ್ ಡೇವಿಸ್, ಜರ್ಮನಿಯ ಕಾರ್ಲ್ ಕಾಫ್‌ಮನ್ ಇಬ್ಬರೂ 44.9 ಸೆಕೆಂಡಿನ ವಿಶ್ವದಾಖಲೆ ಮಾಡಿದ ಓಟ ಅದು. ದಕ್ಷಿಣ ಆಫ್ರಿಕಾದ ಮಾಲ್ಕಮ್ ಸ್ಪೆನ್ಸ್ 45.5, ಮಿಲ್ಖಾ 45.6. ಅಂದರೆ ಅದು ವೇಗ ಹಂಚಿಕೊಳ್ಳೋದರಲ್ಲಾದ ತಪ್ಪು. 400 ಮೀಟರ್ ಓಡುವ ಯಾರನ್ನಾದರೂ ಕೇಳಿ, ಅವರ ಕಸುಬಿನ ಅರ್ಧ ಭಾಗ ಅದೇ: ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು. ಅದು ದೇವರು ಕೊಡುವಂಥದ್ದಲ್ಲ. ತನಗಿಂತ ಜೋರಾಗಿ ಓಡುವವರ ಜೊತೆ ಮತ್ತೆ ಮತ್ತೆ ಓಡಿದರೆ ಮೈಗೆ ಹತ್ತುವಂಥದ್ದು.

ಸಿನಿಮಾ ಈ ಕಾರಣವನ್ನು ತೆಗೆದು ಆ ಜಾಗದಲ್ಲಿ ಗಾಯವನ್ನು ಇಟ್ಟಿತು. ವಿಭಜನೆಯಲ್ಲಿ ಮಿಲ್ಖಾ ಅಪ್ಪ ಅಮ್ಮನನ್ನು ಕಳಕೊಂಡಿದ್ದು ಸತ್ಯ, ಅದನ್ನು ಹೇಳಲೇಬೇಕಿತ್ತು. ನನ್ನ ತಕರಾರು ಅದನ್ನು ಹೇಳಿದ್ದಕ್ಕಲ್ಲ, 0.1 ಸೆಕೆಂಡಿಗೆ ಅದನ್ನು ಕಾರಣ ಮಾಡಿದ್ದಕ್ಕೆ. ತಪ್ಪು ವೇಗದ್ದಾದರೆ ಮುಂದಿನ ಹುಡುಗನಿಗೆ ಹೇಳಿಕೊಡಬಹುದು. ತಪ್ಪು ಚರಿತ್ರೆಯದ್ದಾದರೆ ಅಳಬಹುದು, ಅಷ್ಟೇ.

ಹಾಗಂತ ಸಿನಿಮಾಗೆ ಏನೂ ಗೊತ್ತಿಲ್ಲ ಅಂತಲ್ಲ. ಅದರ ಅತಿ ಒಳ್ಳೆಯ ಭಾಗ ಯಾವುದು ಗೊತ್ತಾ? ಸೈನ್ಯದಲ್ಲಿ ಓಡುವವರಿಗೆ ಹಾಲು, ಮೊಟ್ಟೆ ಹೆಚ್ಚಿಗೆ ಸಿಗುತ್ತೆ, ಚಾಕರಿಯಿಂದ ವಿನಾಯಿತಿ ಇರುತ್ತೆ ಅಂತ ತಿಳಿದು ಮಿಲ್ಖಾ ಓಟಕ್ಕೆ ನಿಲ್ಲುವ ದೃಶ್ಯ. ಅಲ್ಲಿ ಒಂದು ಲೋಟ ಹಾಲು ನಮ್ಮ ಕ್ರೀಡಾ ಚರಿತ್ರೆಯನ್ನೇ ಹೇಳಿಬಿಡುತ್ತೆ. ಈ ದೇಶದಲ್ಲಿ ಓಟಗಾರರನ್ನು ಎಷ್ಟೋ ಕಾಲ ಸಾಕಿದ್ದು ಸೈನ್ಯ, ರೈಲ್ವೆ ಮತ್ತು ಪೊಲೀಸ್ ಇಲಾಖೆಗಳ ಅನ್ನ. ಆದರೆ ಸಿನಿಮಾ ಅಲ್ಲಿ ನಿಲ್ಲೋದಿಲ್ಲ. 1956ರ ಮೆಲ್ಬರ್ನ್‌ನಲ್ಲಿ ಆರಂಭದ ಸುತ್ತಲ್ಲೇ ಹೊರಬಿದ್ದ ಮಿಲ್ಖಾ, 400 ಮೀಟರ್ ಚಿನ್ನ ಗೆದ್ದ ಚಾರ್ಲ್ಸ್ ಜೆಂಕಿನ್ಸ್ ಬಳಿ ಹೋಗಿ ನೀನು ಹೇಗೆ ತಾಲೀಮು ಮಾಡ್ತೀಯ ಅಂತ ಕೇಳಿ ತಿಳ್ಕೊಂಡಿದ್ದರಂತೆ. ಇಂಗ್ಲಿಷ್ ಸರಿಯಾಗಿ ಬರದ ಒಬ್ಬ ಸೈನಿಕ ಹುಡುಗ ಚಾಂಪಿಯನ್ ಮುಂದೆ ನಿಂತು ಅಭ್ಯಾಸದ ವೇಳಾಪಟ್ಟಿ ಕೇಳೋದು! ನನಗೆ ಇದಕ್ಕಿಂತ ರೋಮಾಂಚಕ ದೃಶ್ಯ ಬೇಕಿಲ್ಲ. ಮೆಲ್ಬರ್ನ್‌ನಲ್ಲಿ ಸಿನಿಮಾ ಹೆಚ್ಚು ಹೊತ್ತು ಕಳೆಯೋದು ಮಾತ್ರ ಪ್ರೇಮಪ್ರಸಂಗದಲ್ಲಿ.

ಸೋಲಿನ ಕತೆ ಹೀಗಾದರೆ ಗೆಲುವಿನ ಕತೆಯೂ ಬೇರೆ ಅಲ್ಲ. 2016ರ 'ದಂಗಲ್' ನೋಡಿ. ಕೊನೆಯಲ್ಲಿ ಗೀತಾ ಫೋಗಟ್ 2010ರ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಇನ್ನೇನು ಸೋತಳು ಅನ್ನುವಾಗ, ಕೊನೇ ಕ್ಷಣದಲ್ಲಿ ಎದುರಾಳಿಯನ್ನು ಎತ್ತಿ ಒಗೆದು ಐದು ಪಾಯಿಂಟ್ ತಗೋತಾಳೆ. ಅಪ್ಪನನ್ನು ಯಾರೋ ಕೋಣೆಯಲ್ಲಿ ಕೂಡಿಹಾಕಿರ್ತಾರೆ. ನಿಜದಲ್ಲಿ ಯಾರನ್ನೂ ಯಾರೂ ಕೂಡಿಹಾಕಿರಲಿಲ್ಲ. ದೆಹಲಿಯ ಆ ಫೈನಲನ್ನು ಗೀತಾ 1-0, 7-0ರಲ್ಲಿ, ಆರಾಮಾಗಿ ಗೆದ್ದಿದ್ದರು. 1948ರ ಹಾಕಿ ಚಿನ್ನದ ಮೇಲೆ ಬಂದ 'ಗೋಲ್ಡ್' ಸಿನಿಮಾದಲ್ಲೂ ಹಾಗೇ. ವೆಂಬ್ಲಿಯಲ್ಲಿ ನಾವು ಬ್ರಿಟನ್ನನ್ನು ಸೋಲಿಸಿದ್ದು 4-0ಯಲ್ಲಿ. ಬಲಬೀರ್ ಸಿಂಗ್ ಒಬ್ಬರೇ ಎರಡು ಗೋಲು ಹೊಡೆದಿದ್ದರು. ಇಷ್ಟು ಸಲೀಸಾದ ಗೆಲುವು ತೆರೆಯ ಮೇಲೆ ಉಗುರು ಕಚ್ಚಿಸುವ ಪಂದ್ಯವಾಗಿದೆ. ಆಟಗಾರರ ಹೆಸರುಗಳೂ ಬದಲಾಗಿವೆ, ಕತೆಯ ನಾಯಕ ಕಲ್ಪಿತ ಮ್ಯಾನೇಜರ್.

ಸಿನಿಮಾಗೆ ಸ್ವಾತಂತ್ರ್ಯ ಬೇಡವಾ ಅಂತೀರಿ. ಬೇಕು, ಖಂಡಿತ. ಆದರೆ ಆ ಸ್ವಾತಂತ್ರ್ಯವನ್ನು ಯಾವ ದಿಕ್ಕಿಗೆ ಬಳಸ್ತಾರೆ ಅಂತ ಗಮನಿಸಿ. ಸುಲಭದ ಗೆಲುವನ್ನು ಪವಾಡ ಮಾಡ್ತಾರೆ. ಸಣ್ಣ ಕಾರಣದ ಸೋಲನ್ನು ದುರಂತ ಮಾಡ್ತಾರೆ. ಎರಡೂ ಕಡೆ ಕಾಣೆಯಾಗೋದು ಒಂದೇ ವಸ್ತು: ತಯಾರಿ. ಗೀತಾ 7-0ಯಲ್ಲಿ ಗೆದ್ದಿದ್ದು ತಯಾರಿಯಿಂದ. ಮಿಲ್ಖಾ 0.1ರಲ್ಲಿ ಸೋತಿದ್ದು ತಯಾರಿಯಲ್ಲಿ ಉಳಿದುಹೋಗಿದ್ದ ಒಂದು ಪಾಠದಿಂದ. ತಯಾರಿಯನ್ನು ಸಿನಿಮಾ ತೋರಿಸಲ್ವಾ ಅಂದರೆ ತೋರಿಸುತ್ತೆ, ಹಾಡಿನಲ್ಲಿ. ನಾಲ್ಕು ನಿಮಿಷ ಬೆವರು, ಬಟ್ಟೆ ಹಿಂಡಿದರೆ ಮಗ್ ತುಂಬೋಷ್ಟು. ಬೆವರು ಅಲ್ಲಿ ತಪಸ್ಸಿನ ಗುರುತು ಅಷ್ಟೇ. ಯಾರು ಕಲಿಸಿದರು, ಏನು ತಪ್ಪಿತ್ತು, ಹೇಗೆ ತಿದ್ದಿಕೊಂಡ ಅನ್ನೋದು ಗೊತ್ತಾಗಲ್ಲ.

ಈಗ ಪಿ.ಟಿ. ಉಷಾ ವಿಷಯ. 1984, ಲಾಸ್ ಏಂಜಲೀಸ್. ಹೆಂಗಸರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದಿದ್ದೇ ಆ ವರ್ಷ. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41, ಉಷಾ 55.42. ಸೆಕೆಂಡಿನ ನೂರನೇ ಒಂದು ಭಾಗ. ಈ ಕತೆ ನಮಗೆಲ್ಲ ಗೊತ್ತು, ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದ್ದೀವಿ. ಆದರೆ ನಾವು ಕಲಿತಿದ್ದು 'ಕೂದಲೆಳೆಯ ಅಂತರದಲ್ಲಿ' ಅನ್ನೋವರೆಗೆ ಮಾತ್ರ. ಆ ಕೂದಲೆಳೆಯನ್ನು ಬಿಡಿಸಿ ನೋಡಿದರೆ ಏನೇನು ಸಿಗುತ್ತೆ? ಕ್ರೀಡಾಗ್ರಾಮದ ಊಟ ಒಗ್ಗದೆ ಗಂಜಿ, ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ದಿನ ದೂಡಿದೆ ಅಂತ ಉಷಾ ಎಷ್ಟೋ ವರ್ಷಗಳ ನಂತರ ಹೇಳಿದರು. ಫೈನಲ್‌ನಲ್ಲಿ ಬೇರೊಬ್ಬರ ತಪ್ಪು ಆರಂಭದಿಂದ ಎಲ್ಲರೂ ಮತ್ತೊಮ್ಮೆ ಗೆರೆಗೆ ಬರಬೇಕಾಯಿತು, ಅವರ ಲಯ ತಪ್ಪಿತು. ಕೊನೇ ಗೆರೆಯಲ್ಲಿ ಎದೆ ಮುಂದೆ ಚಾಚೋದು ಸಾಲದಾಯಿತು. ಊಟ, ದೊಡ್ಡ ಓಟಗಳ ಅನುಭವ, ಎದೆ ಚಾಚುವ ಅಭ್ಯಾಸ. ಮೂರರಲ್ಲಿ ಯಾವುದೂ ಹಣೆಯ ಮೇಲೆ ಬರೆದಿರಲಿಲ್ಲ. ಗುಂಡಿಗೆಯ ಮಾತಂತೂ ಬಿಡಿ. ಪಯ್ಯೋಳಿಯಂಥ ಊರಿಂದ ಹೊರಟು ಒಲಿಂಪಿಕ್ ಫೈನಲ್ ಗೆರೆಯಲ್ಲಿ ನಿಂತವಳಿಗೆ ಗುಂಡಿಗೆ ಇರಲಿಲ್ಲ ಅಂತ ಹೇಳೋಕೆ ನಮಗೆ ಯಾವ ಬಾಯಿ ಇದೆ?

ಇನ್ನೂ ಒಂದು ಲೆಕ್ಕ ಇದೆ. ಮಿಲ್ಖಾ ರೋಮ್‌ನಲ್ಲಿ ಮಾಡಿದ ರಾಷ್ಟ್ರೀಯ ದಾಖಲೆ ಮುರಿದಿದ್ದು 1998ರಲ್ಲಿ, ಪರಮ್‌ಜೀತ್ ಸಿಂಗ್ ಓಡಿದಾಗ. 38 ವರ್ಷ. ಉಷಾರ 55.42ನ್ನು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಸರಿಗಟ್ಟಿದರು. ಅದೇ 55.42, ನೂರನೇ ಒಂದು ಭಾಗವೂ ಆಚೀಚೆ ಇಲ್ಲ, 39 ವರ್ಷದ ಮೇಲೆ. 'ನಾಲ್ಕು ದಶಕ ಅಳಿಯದ ದಾಖಲೆ' ಅಂತ ನಾವು ಇದನ್ನು ಹೆಮ್ಮೆಯಿಂದ ಹೇಳ್ಕೋತೀವಿ. ಇದು ಆ ಇಬ್ಬರ ಹೆಮ್ಮೆ, ನಿಜ. ನಮಗದು ದೂರು. ಅವರಿಬ್ಬರು ಅಷ್ಟು ಹತ್ತಿರ ಹೋಗಿ ನಿಂತ ಜಾಗಕ್ಕೆ ಮುಂದಿನ ಒಬ್ಬರನ್ನು ತಲುಪಿಸೋಕೆ ನಮಗೆ ನಾಲ್ಕು ದಶಕ ಬೇಕಾಯಿತು. ಆ ಸೋಲನ್ನು ಅಳುವಿನ ಕತೆ ಮಾಡಿದಾಗ ಆಗೋದು ಇದೇ. ಅತ್ತವರಿಗೆ ಸಮಾಧಾನ ಆಗುತ್ತೆ, ಪಾಠ ಅಲ್ಲೇ ಉಳಿಯುತ್ತೆ.

ಈ ಚರಿತ್ರೆಯ ಮೊದಲ ಪುಟವೂ ಹೀಗೇ ಇದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿ ಹುಡುಗರು ಬರಿಗಾಲಲ್ಲಿ ಓಡೋದನ್ನು ನೋಡಿ ದೊರಾಬ್ಜಿ ಟಾಟಾ ಬೆರಗಾದರು, ಒಲಿಂಪಿಕ್ಸ್‌ಗೆ ಕಳಿಸೋಣ ಅಂದರು. ಒಲಿಂಪಿಕ್ಸ್ ಮಟ್ಟ ಎಷ್ಟಿರುತ್ತೆ ಅಂತ ಜಿಮ್‌ಖಾನಾದ ದೊಡ್ಡವರನ್ನೇ ವಿಚಾರಿಸಿದಾಗ, ನೂರು ಮೀಟರಿಗೆ ಒಂದೆರಡು ನಿಮಿಷ ಆಗಬಹುದೇನೋ ಅಂತ ಅವರಲ್ಲೊಬ್ಬರು ಅಂದರಂತೆ. ನಿಮಿಷ ಅಲ್ಲ, ಸೆಕೆಂಡು ಅಂತ ತಿಳಿಹೇಳಬೇಕಾಯಿತು. ಅಲ್ಲಿಂದ 1920ರ ಆಂಟ್ವರ್ಪ್‌ಗೆ ಆರು ಜನ ಹೋದರು. ಅವರಲ್ಲೊಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. 42.75 ಕಿಲೋಮೀಟರಿನ ಆ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕುಬ್ಬನ್ ಪಾರ್ಕಿನಲ್ಲಿ ಸಾವಿರಾರು ರೂಪಾಯಿಯ ಶೂ, ಕೈಗೆ ವಾಚು ಕಟ್ಟಿಕೊಂಡು ಓಡುವ ನಮ್ಮಲ್ಲಿ ಎಷ್ಟು ಜನ ಆ ಸಮಯದ ಹತ್ತಿರ ಸುಳೀತೀವಿ ಹೇಳಿ. ಅದೇ ತಂಡದ ಕುಸ್ತಿಪಟು ರಣಧೀರ್ ಶಿಂದೆ ಫೆದರ್‌ವೇಟ್‌ನಲ್ಲಿ ಪದಕದ ಬಾಗಿಲವರೆಗೆ ಹೋಗಿ ನಾಲ್ಕನೆಯವರಾದರು. ಅಲ್ಲಿಗೆ ನಮ್ಮ ನಾಲ್ಕನೇ ಸ್ಥಾನದ ಚರಿತ್ರೆಗೆ ನೂರು ದಾಟಿದೆ. ಶಿಂದೆ, ಚೌಗುಲೆ ಇಬ್ಬರ ಹೆಸರೂ ನಾನು ಶಾಲೆಯಲ್ಲಿ ಕೇಳಿರಲಿಲ್ಲ.

ಈಗ ಪ್ಯಾರಿಸ್‌ಗೆ ವಾಪಸ್ ಬರೋಣ, ಯಾಕಂದ್ರೆ ನನ್ನ ವಾದಕ್ಕೆ ಅತಿ ಗಟ್ಟಿ ಆಕ್ಷೇಪ ಅಲ್ಲೇ ಬಂತು. ಲಕ್ಷ್ಯ ಸೋತ ದಿನ ಅವನ ಗುರು ಪ್ರಕಾಶ್ ಪಡುಕೋಣೆ ನೇರವಾಗಿ ಹೇಳಿದರು: ಸರ್ಕಾರ, ಫೆಡರೇಶನ್ ಎಲ್ಲರೂ ತಮ್ಮ ಪಾಲಿನದನ್ನು ಮಾಡಿದ್ದಾರೆ, ಇನ್ನು ಜವಾಬ್ದಾರಿ ಆಟಗಾರರದ್ದು, ಮನಸ್ಸಿನ ತಯಾರಿಯೂ ಆಗಬೇಕು. ಯಾರೋ ಟಿವಿ ಸ್ಟುಡಿಯೋದವರು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇವರು ಬೆಂಗಳೂರಿನ ಕೆನರಾ ಯೂನಿಯನ್ನಿನ ಹಾಲ್‌ನಲ್ಲಿ, ಮದುವೆ ಇಲ್ಲದ ದಿನ ನೋಡಿಕೊಂಡು ಪ್ರಾಕ್ಟೀಸ್ ಮಾಡಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು. ಸೌಕರ್ಯ ಇಲ್ಲ ಅನ್ನುವ ಮಾತಿಗೆ ಉತ್ತರ ಕೊಡೋ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿದೆ.

ಅವರಿಗೆ ಉತ್ತರ ಕೊಟ್ಟಿದ್ದೂ ನಮ್ಮವರೇ, ಅಶ್ವಿನಿ ಪೊನ್ನಪ್ಪ. ಗೆದ್ದರೆ ಎಲ್ಲರೂ ಪಾಲಿಗೆ ಬರ್ತಾರೆ, ಸೋತರೆ ತಪ್ಪು ಆಟಗಾರನೊಬ್ಬನದೇನಾ, ತಯಾರಿ ಸಾಲದಿದ್ದರೆ ಕೋಚ್‌ಗಳನ್ನು ಯಾಕೆ ಕೇಳಲ್ಲ ಅನ್ನೋದು ಅವರ ಪ್ರಶ್ನೆ. ಎರಡು ದಿನ ಸೋಷಿಯಲ್ ಮೀಡಿಯಾದಲ್ಲಿ ಎರಡು ಪಕ್ಷ ಆಯಿತು. ನನಗೆ ಈ ಜಗಳ ತುಂಬ ಇಷ್ಟವಾಯಿತು. ಒಂದು ನಾಲ್ಕನೇ ಸ್ಥಾನದ ಬಗ್ಗೆ ಅಪರೂಪಕ್ಕೆ ನಾವು ಅಳು ಬಿಟ್ಟು ವಾದ ಮಾಡಿದ್ವಿ. ಪ್ರಕಾಶ್ ಹೇಳಿದ 'ಮನಸ್ಸಿನ ತಯಾರಿ'ಯೂ ಗುಂಡಿಗೆಯ ಮಾತಲ್ಲ, ಗಮನಿಸಿ. ಅದೂ ತಾಲೀಮಿನ ಮಾತೇ, ಯಾರೋ ಕೂತು ಕಲಿಸಬೇಕಾದ್ದು. ಹಾಗೆ ನೋಡಿದರೆ ಇಬ್ಬರೂ ಒಂದೇ ಕಡೆ ಇದ್ದಾರೆ. ಲೆಕ್ಕದ ಪುಸ್ತಕವನ್ನು ಯಾರ ಹೆಸರಲ್ಲಿ ತೆರೆಯಬೇಕು ಅನ್ನೋದರಲ್ಲಿ ಮಾತ್ರ ಜಗಳ.

ಆದರೆ ಸರ್ಕಾರ ಎಲ್ಲ ಮಾಡಿದೆ ಅನ್ನೋದನ್ನು ಪ್ರತಿ ಆಟಕ್ಕೂ ಅನ್ವಯಿಸೋಕೆ ಆಗಲ್ಲ. 2016ರ ರಿಯೋದಲ್ಲಿ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 0.150 ಅಂಕದಿಂದ ಕಂಚು ಕಳಕೊಂಡರು. ತ್ರಿಪುರಾದಲ್ಲಿ ಹಳೆ ಸ್ಕೂಟರಿನ ಬಿಡಿಭಾಗ ಸೇರಿಸಿ ಮಾಡಿದ ಉಪಕರಣದ ಮೇಲೆ ಹಾರಿ ಕಲಿತವರು. ಅವರ ಫಿಸಿಯೊವನ್ನು ರಿಯೋಗೆ ಕಳಿಸಿದ್ದು ಫೈನಲ್ ತಲುಪಿದ ಮೇಲೆ. ಇನ್ನೊಂದು ಕಡೆ ನಮ್ಮ ಮೊದಲ ವೈಯಕ್ತಿಕ ಚಿನ್ನ, 2008ರ ಅಭಿನವ್ ಬಿಂದ್ರಾ, ಬಂದಿದ್ದು ಮನೆಯ ಆವರಣದಲ್ಲೇ ಶೂಟಿಂಗ್ ರೇಂಜ್ ಇದ್ದ ಕುಟುಂಬದಿಂದ. ಇದು ಬಿಂದ್ರಾ ಸಾಧನೆಯನ್ನು ಕಮ್ಮಿ ಮಾಡಲ್ಲ. ತಯಾರಿಗೆ ಎಷ್ಟು ಬೆಲೆ ಬೀಳುತ್ತೆ ಅಂತ ತಿಳಿಸುತ್ತೆ, ಅಷ್ಟೇ.

2021ರ ಆಗಸ್ಟ್ 7 ನೆನಪಿದೆಯಾ? ಎಲ್ಲರೂ ನೀರಜ್ ಚೋಪ್ರಾ ಅಂತೀರಿ. ಅದು ಸಂಜೆ. ಅವತ್ತು ಬೆಳಗ್ಗೆ, ಶನಿವಾರ, ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಲಕ್ಷಾಂತರ ಜನ ಬೇಗ ಎದ್ದು ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡ್ತಿದ್ದರು. ವಿಶ್ವ ರ‍್ಯಾಂಕಿಂಗ್ 200ರ ಆಟಗಾರ್ತಿ, ಬ್ಯಾಗ್ ಹೊತ್ತಿದ್ದು ಅವರಮ್ಮ. ಜಗತ್ತಿನ ಘಟಾನುಘಟಿಗಳ ನಡುವೆ ನಾಲ್ಕು ದಿನ ಪದಕದ ಸಾಲಲ್ಲೇ ಇದ್ದು, ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿತು. ಸಂಜೆ 87.58 ಮೀಟರಿಗೆ ಜಾವೆಲಿನ್ ಹೋಗಿ ಬಿತ್ತು, ದೇಶ ಕುಣಿಯಿತು, ಬೆಳಗಿನ ಮಾತು ಮರೆತುಹೋಯಿತು. ನಾನೂ ಕುಣಿದೆ. ಆದರೆ 200ನೇ ರ‍್ಯಾಂಕಿನವಳು ನಾಲ್ಕನೆಯವಳಾಗಿದ್ದು ಹೇಗೆ ಅಂತ ಯಾರಾದರೂ ಸಿನಿಮಾ ಮಾಡಿದರೆ ಅದು ನನಗೆ ಬೇಕು. ಅದರಲ್ಲಿ ಅಳೋ ದೃಶ್ಯ ಇಲ್ಲದಿದ್ದರೂ ನಡೆಯುತ್ತೆ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ನನ್ನದೂ ಒಂದು ನಾಲ್ಕನೇ ಸ್ಥಾನ ಇದೆ. ನಗಬೇಡಿ, ಜಿಲ್ಲಾ ಮಟ್ಟದ್ದು. ಒಂಬತ್ತನೇ ಕ್ಲಾಸಿನಲ್ಲಿ 800 ಮೀಟರ್. ಮೂರು ಜನಕ್ಕೆ ಮುಂದಿನ ಹಂತ, ನಾನು ನಾಲ್ಕನೆಯವನು. ಬಸ್ಸಲ್ಲಿ ವಾಪಸ್ ಬರುವಾಗ ಅಪ್ಪ 'ನಿನ್ನ ಹಣೇಲಿ ಬರೆದಿರಲಿಲ್ಲ, ಬಿಡು ಮಗಾ' ಅಂದರು. ಬಿಟ್ಟೆ. ಈಗಲೂ ಮನೆಯಲ್ಲಿ ಆ ಮಾತು ಬಂದರೆ ಎಲ್ಲರೂ ಹಾಗೇ ಹೇಳೋದು, ನನಗೂ ಅದೇ ಹಿತವಾಗಿತ್ತು.

ನಿಜ ಏನು ಗೊತ್ತಾ? ನಮ್ಮ ಶಾಲೆಯ ಮೈದಾನದಲ್ಲಿ ಗೆರೆ ಹಾಕಿದ ಟ್ರ್ಯಾಕ್ ಇರಲಿಲ್ಲ, ಪಿ.ಟಿ. ಪಿರಿಯಡ್ಡನ್ನು ಗಣಿತದವರು ತಗೋತಿದ್ದರು. 800 ಮೀಟರ್‌ನಲ್ಲಿ ಮೊದಲ ತಿರುವು ದಾಟಿದ ಮೇಲೆ ಒಳಗಿನ ಲೇನಿಗೆ ಬರಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೂ ಸುತ್ತು ಹೊರಗಿನ ಲೇನಿನಲ್ಲೇ ಓಡಿದ್ದೆ. ಉಳಿದವರಿಗಿಂತ ಎಷ್ಟೋ ಮೀಟರ್ ಜಾಸ್ತಿ. ಗೊತ್ತಾಗಿದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಆಫೀಸಿನ ರನ್ನಿಂಗ್ ಗ್ರೂಪಿನ ಒಬ್ಬ ಗೆಳೆಯ ಹೇಳಿದಾಗ.

ಒಳಗೆ ಬಂದಿದ್ದರೂ ನಾಲ್ಕನೆಯವನೇ ಆಗ್ತಿದ್ದೆನೋ ಏನೋ. ಮುಂದಿನ ವರ್ಷ ಅದೇ ಶಾಲೆಯಿಂದ ಓಡಿದ ಹುಡುಗನಿಗೂ ಯಾರೂ ಹೇಳಿರಲಿಕ್ಕಿಲ್ಲ. ನಾನಾದರೂ ಹೇಳಬಹುದಿತ್ತು. ಹಣೆಬರಹ ಅಂತ ಒಪ್ಪಿಕೊಂಡಿದ್ದರಿಂದ ನನಗೆ ಹೇಳೋಕೆ ಏನೂ ಉಳಿದಿರಲಿಲ್ಲ.